ಟ್ರಯಲ್ಸ್‌ಗೆ ಬೈಕ್ ಬೇಕಾ? ಸಿಸಿ ಬಿಡಿ, ತೂಕ ನೋಡಿ

ಟ್ರಯಲ್ಸ್ ಕಲಿಯೋಕೆ ಯಾವ ಬೈಕ್ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಅದು ಹಳ್ಳದಲ್ಲಿ ಬಿದ್ದರೆ ನೀವೊಬ್ಬರೇ ಎತ್ತುತ್ತೀರಾ? ಇಲ್ಲ ಅಂದರೆ ಆ ಬೈಕ್ ಬೇಡ. ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ ಅನ್ನೋದೆಲ್ಲ ಆಮೇಲಿನ ಮಾತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟ್ರಯಲ್ಸ್ ರೇಸ್ ಅಲ್ಲ. ಕಲ್ಲು, ಬೇರು, ನೀರು, ಏರು ಇರುವ ಒಂದು ಚಿಕ್ಕ ಜಾಗಕ್ಕೆ ಗುರುತು ಹಾಕಿರುತ್ತಾರೆ. ಅದಕ್ಕೆ ಸೆಕ್ಷನ್ ಅಂತ ಹೆಸರು. ಅದರೊಳಗೆ ಕಾಲು ಊರದೆ ಬೈಕ್ ದಾಟಿಸಬೇಕು. ಪಕ್ಕದಲ್ಲಿ ಒಬ್ಬರು ನಿಂತು ಲೆಕ್ಕ ಬರೆಯುತ್ತಾರೆ. ಒಂದು ಸಲ ಕಾಲು ಊರಿದರೆ 1, ಎರಡು ಸಲಕ್ಕೆ 2, ಮೂರು ಸಲ ಆದಮೇಲೆ ಎಷ್ಟು ಸಲ ಊರಿದರೂ 3. ಬಿದ್ದರೆ ಅಥವಾ ಗುರುತು ಬಿಟ್ಟು ಹೊರಗೆ ಹೋದರೆ 5. ನಾನ್‌ಸ್ಟಾಪ್ ನಿಯಮ ಇರುವ ಕಡೆ ಬೈಕ್ ನಿಂತರೂ 5. ಒಂದೂ ಸಲ ಊರದೆ ದಾಟಿದರೆ ಸೊನ್ನೆ, ಅದೇ ‘ಕ್ಲೀನ್’. ಅಂಕ ಕಮ್ಮಿ ಇದ್ದವರು ಗೆದ್ದ ಹಾಗೆ. ವೇಗ ಅಂದರೆ ನಾವು ನಡೆದುಕೊಂಡು ಹೋಗುವಷ್ಟು, ಎಷ್ಟೋ ಕಡೆ ಅಷ್ಟೂ ಇಲ್ಲ.

ಇದಕ್ಕೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕಿಂತ ಒಳ್ಳೆ ನೆಲ ಎಲ್ಲಿದೆ ಹೇಳಿ? ಮನೆಯಿಂದ ತೋಟಕ್ಕೆ ಇಳಿಯುವ ದಾರಿಯೇ ಒಂದು ಸೆಕ್ಷನ್ ಅಲ್ವಾ? ಚಿರೆಕಲ್ಲಿನ ಮೇಲೆ ಪಾಚಿ, ಅಡ್ಡ ಬಂದ ಹಲಸಿನ ಬೇರು, ಕೆಳಗೆ ಅಡಿಕೆ ದಬ್ಬೆಯ ಸಂಕ. ಬೆಳಿಗ್ಗೆ ಡೇರಿಗೆ ಹಾಲು ಒಯ್ಯುವವರನ್ನು ಒಮ್ಮೆ ಸರಿಯಾಗಿ ನೋಡಿ. ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು, ಕಂಬಳಿಕೊಪ್ಪೆಯನ್ನೋ ರೇನ್‌ಕೋಟನ್ನೋ ಹಾಕಿಕೊಂಡು, ಜುಲೈ ತಿಂಗಳ ಜಡಿಮಳೆಯಲ್ಲಿ ಆ ಏರನ್ನು ಒಂದನೇ ಗೇರಿನಲ್ಲಿ ಕಾಲು ಊರದೆ ಹತ್ತಿ ಬರುತ್ತಾರೆ, ಮೇಲೆ ಬಂದು ನಮ್ಮ ಹತ್ತಿರ ಅಡಿಕೆ ರೇಟು ಎಷ್ಟಾಯ್ತು ಅಂತ ಕೇಳುತ್ತಾರೆ. ಅವರಿಗೆ ಟ್ರಯಲ್ಸ್ ಅಂದರೇನು ಅಂತ ಗೊತ್ತಿಲ್ಲ. ಗೊತ್ತಿದ್ದ ನಾವು ಅದೇ ಏರಿನಲ್ಲಿ ಎರಡೂ ಕಾಲು ಊರಿಕೊಂಡು ಹೋಗುತ್ತೇವೆ. ಮತ್ತೆ ಅವರ ಗಾಡಿ ಯಾವುದು? ನೂರು ಸಿಸಿಯ ಫೋರ್‌ಸ್ಟ್ರೋಕ್, ಇಲ್ಲವೇ ಟಿವಿಎಸ್ ಎಕ್ಸ್‌ಎಲ್. ಇನ್ನೂರು ಕೆಜಿಯ ಅಡ್ವೆಂಚರ್ ಬೈಕಿನಲ್ಲಿ ಹಾಲು ಹಾಕುವವರನ್ನು ನಾನಂತೂ ನೋಡಿಲ್ಲ.

ತೂಕದ ಲೆಕ್ಕ ನೋಡೋಣ. ಸ್ಪರ್ಧೆಗೆ ಅಂತಲೇ ಮಾಡಿದ, ಹೋಂಡಾ ಒಡೆತನದ ಮೊಂಟೆಸಾ ಕಂಪನಿಯ ಕೋಟಾ 4ಆರ್‌ಟಿ ಅನ್ನುವ ಫೋರ್‌ಸ್ಟ್ರೋಕ್ ಬೈಕ್ ಸುಮಾರು 75 ಕೆಜಿ, ಅಂದರೆ ಹೆಚ್ಚುಕಮ್ಮಿ ಒಂದು ಅಡಿಕೆ ಮೂಟೆ. ಅದಕ್ಕೆ ಸೀಟೇ ಇಲ್ಲ, ಯಾಕೆಂದರೆ ಕೂರುವ ಕೆಲಸವೇ ಇಲ್ಲ. ನಮ್ಮ ಸ್ಪ್ಲೆಂಡರ್ 110 ಕೆಜಿ ಆಸುಪಾಸು. ಹೀರೋ ಇಂಪಲ್ಸ್ 135ರ ಹತ್ತಿರ. ಎಕ್ಸ್‌ಪಲ್ಸ್ 200 ಅಂದರೆ 155ರ ಹತ್ತಿರ. ಹಳೆಯ 411 ಸಿಸಿ ಹಿಮಾಲಯನ್ 190ರ ಸುತ್ತ. ಹಿಮಾಲಯನ್ ಕೆಟ್ಟ ಬೈಕ್ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಲಡಾಖ್‌ಗೆ ಹೋಗಿ ಬನ್ನಿ, ದೇವಿಮನೆ ಘಾಟಿಯಲ್ಲಿ ಆರಾಮಾಗಿ ಇಳಿದು ಕುಮಟೆಗೆ ಹೋಗಿ ಮೀನೂಟ ಮಾಡಿ ಬನ್ನಿ. ಆದರೆ ಒದ್ದೆ ಕಲ್ಲಿನ ಮೇಲೆ ಅದು ಒಂದು ಕಡೆ ವಾಲಲು ಶುರುವಾದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ.

2019ರಲ್ಲಿ ರಾಯಲ್ ಎನ್‌ಫೀಲ್ಡ್ ‘ಟ್ರಯಲ್ಸ್’ ಅಂತಲೇ ಹೆಸರಿಟ್ಟು 350 ಮತ್ತು 500 ಸಿಸಿಯ ಎರಡು ಬುಲೆಟ್ ಬಿಟ್ಟಿತ್ತು, ನೆನಪಿರಬಹುದು. ನೋಡೋಕೆ ಚಂದ. ಮೇಲೆ ಎತ್ತಿದ ಸೈಲೆನ್ಸರ್, ಒಂಟಿ ಸೀಟು. ಹೆಸರು ಸುಮ್ನೆ ಇಟ್ಟಿದ್ದೂ ಅಲ್ಲ. 1948ರಲ್ಲಿ ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇದ್ದ ಬುಲೆಟ್ಟನ್ನು ಇಂಗ್ಲೆಂಡಿನ ಕೋಲ್‌ಮೋರ್ ಕಪ್ ಟ್ರಯಲ್‌ನಲ್ಲಿ ಇಳಿಸಿದ್ದರು. 1952ರಲ್ಲಿ ಜಾನಿ ಬ್ರಿಟನ್ ಅನ್ನುವ ಸವಾರ 350 ಬುಲೆಟ್‌ನಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅನ್ನುವ ಆರು ದಿನದ ಸ್ಪರ್ಧೆ ಗೆದ್ದರು, 1957ರಲ್ಲಿ ಮತ್ತೊಮ್ಮೆ ಗೆದ್ದರು. ಆ ಕಾಲದ ಸ್ಪರ್ಧೆಯ ಬುಲೆಟ್ಟೇ ಬೇರೆ, ನಮಗೆ ಶೋರೂಮಿನಲ್ಲಿ ಸಿಕ್ಕ 190 ಕೆಜಿ ಆಸುಪಾಸಿನ ಗಾಡಿಯೇ ಬೇರೆ. ಹೆಸರು ನೋಡಿ ಅದನ್ನು ಹಳ್ಳಕ್ಕೆ ಇಳಿಸಿದರೆ ಎಳೆಯೋಕೆ ನಾಲ್ಕು ಜನ ಬೇಕು.

ಇಷ್ಟು ಹೇಳುವಾಗ ಯಮಹಾದ ಹಳೆಯ ಟು-ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100ರ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ. ತೂಕವೇ ಮುಖ್ಯ ಆದರೆ ಟು-ಸ್ಟ್ರೋಕ್ ತಗೊಳ್ಳಿ, ಅದರ ಎಂಜಿನ್ ಹಗುರ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಸ್ಯಾಮಿ ಮಿಲ್ಲರ್ ಅಂತ ಉತ್ತರ ಐರ್ಲೆಂಡಿನ ಸವಾರ, 500 ಸಿಸಿಯ ಏರಿಯಲ್ ಅನ್ನುವ ಬ್ರಿಟಿಷ್ ಫೋರ್‌ಸ್ಟ್ರೋಕ್‌ನಲ್ಲಿ ವರ್ಷಗಟ್ಟಲೆ ಎಲ್ಲರನ್ನೂ ಸೋಲಿಸುತ್ತಿದ್ದವರು, ಆ ಬೈಕಿನಿಂದ ಒಂದೊಂದು ಗ್ರಾಂ ಕೆರೆದು ತೆಗೆದು ಹಗುರ ಮಾಡಿದವರು, 1964ರ ಕೊನೆಗೆ ಸ್ಪೇನಿನ ಬುಲ್ಟಾಕೋ ಕಂಪನಿಗೆ ಹೋದರು. 1965ರಲ್ಲಿ 250 ಸಿಸಿಯ ಟು-ಸ್ಟ್ರೋಕ್ ಶೆರ್ಪಾ ಬೈಕಿನಲ್ಲಿ ಅದೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. ಬ್ರಿಟನ್ನಿನ ಭಾರದ ಫೋರ್‌ಸ್ಟ್ರೋಕ್‌ಗಳ ಕಾಲ ಅಲ್ಲಿಗೆ ಮುಗಿಯಿತು.

ಈ ಕತೆಯನ್ನು ಎಲ್ಲರೂ ಟು-ಸ್ಟ್ರೋಕ್ ಗೆದ್ದ ಕತೆ ಅಂತ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅಲ್ಲಿ ಗೆದ್ದದ್ದು ಹಗುರ ಬೈಕ್. ಯಾಕೆಂದರೆ ಅದೇ ಮಿಲ್ಲರ್ 1970ರ ದಶಕದಲ್ಲಿ ಹೋಂಡಾದ ಫೋರ್‌ಸ್ಟ್ರೋಕ್ ಟ್ರಯಲ್ಸ್ ಬೈಕ್ ಬೆಳೆಸೋಕೆ ಹೋದರು. 1982, 83, 84, ಮೂರು ವರ್ಷ ಸಾಲಾಗಿ ಬೆಲ್ಜಿಯಂನ ಎಡ್ಡಿ ಲೆಜೂನ್ ಹೋಂಡಾ ಫೋರ್‌ಸ್ಟ್ರೋಕ್‌ನಲ್ಲೇ ವಿಶ್ವ ಚಾಂಪಿಯನ್ ಆದರು. ಕೋಟಾ 4ಆರ್‌ಟಿ ಬಂದದ್ದು 2005ರಲ್ಲಿ, ಬ್ಯಾಟರಿಯೇ ಇಲ್ಲದ ಫ್ಯೂಯಲ್ ಇಂಜೆಕ್ಷನ್ ಜೊತೆ. ಸ್ಪೇನಿನ ಟೋನಿ ಬೌ 2007ರಿಂದ 2024ರವರೆಗೆ ಒಂದು ವರ್ಷವೂ ಬಿಡದೆ ವಿಶ್ವ ಚಾಂಪಿಯನ್ ಆದದ್ದು ಆ ವಂಶದ ಬೈಕಿನಲ್ಲೇ. ಹಾಗಂತ ಟು-ಸ್ಟ್ರೋಕ್ ಸತ್ತಿದೆ ಅಂತಲ್ಲ. ಬೀಟಾ, ಗ್ಯಾಸ್‌ಗ್ಯಾಸ್, ಟಿಆರ್‌ಎಸ್ ಕಂಪನಿಗಳ ಟು-ಸ್ಟ್ರೋಕ್‌ಗಳನ್ನು ಈಗಲೂ ಜನ ಇಷ್ಟಪಟ್ಟು ಓಡಿಸುತ್ತಾರೆ. ಆದರೆ ಅವು ಟ್ರಯಲ್ಸ್‌ಗೆ ಅಂತ ಮಾಡಿದ ಬೈಕುಗಳು. ಆರ್‌ಎಕ್ಸ್ ರಸ್ತೆಯ ಬೈಕು. ಅದರ ಮಜಾ ಇರುವುದು ಆಕ್ಸಿಲರೇಟರ್ ತಿರುವಿದಾಗ, ಮತ್ತು ಟ್ರಯಲ್ಸ್‌ನಲ್ಲಿ ತಿರುವುವ ಹಾಗಿಲ್ಲ. ಅದೂ ಅಲ್ಲದೆ 1996ಕ್ಕೆ ನಿಂತುಹೋದ ಬೈಕಿಗೆ ಇವತ್ತು ಕೇಳುವ ರೇಟು ನೋಡಿದ್ದೀರಾ? ಅಷ್ಟು ಕೊಟ್ಟು ತಂದು ಕಲ್ಲಿಗೆ ಬಡಿಯೋಕೆ ಯಾರಿಗೆ ಮನಸ್ಸು ಬರುತ್ತದೆ?

ನಮ್ಮ ಮಟ್ಟಕ್ಕೆ ಫೋರ್‌ಸ್ಟ್ರೋಕ್ ಯಾಕೆ ಒಳ್ಳೆಯದು ಅಂದರೆ, ಅದು ತೀರಾ ಕೆಳಗಿನ ಆರ್‌ಪಿಎಂನಲ್ಲಿ ಮುನಿಯದೆ ಎಳೆಯುತ್ತದೆ. ಟು-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಸುತ್ತಿದ ಪ್ರತಿ ಸಲವೂ ಪೆಟ್ರೋಲ್ ಉರಿದು ತಳ್ಳುವ ಒಂದು ಏಟು, ಫೋರ್‌ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು. ಆ ಎರಡು ಏಟುಗಳ ನಡುವೆ ಟೈರಿಗೆ ಮತ್ತೆ ನೆಲ ಕಚ್ಚಲು ಒಂಚೂರು ಪುರುಸೊತ್ತು ಸಿಗುತ್ತದೆ ಅಂತ ಹಳೆಯ ಸವಾರರು ವಿವರಿಸುತ್ತಾರೆ. ಒದ್ದೆ ಮಣ್ಣಿನಲ್ಲಿ ಓಡಿಸಿ ನೋಡಿದರೆ ಹೌದು ಅನಿಸುತ್ತದೆ. ಎಂಜಿನ್ ಜೊತೆ ಸುತ್ತುವ ಚಕ್ರ, ಅಂದರೆ ಫ್ಲೈವೀಲ್, ಭಾರ ಇದ್ದರೆ ಇನ್ನೂ ಒಳ್ಳೆಯದು, ಎಂಜಿನ್ ತಟ್ಟನೆ ನಿಲ್ಲುವುದಿಲ್ಲ, ತಟ್ಟನೆ ಜಿಗಿಯುವುದೂ ಇಲ್ಲ. ಬೈಕ್ ಕೊಳ್ಳುವಾಗ ನಾನು ಮಾಡುವ ಪರೀಕ್ಷೆ ಇದೇ. ಎಂಜಿನ್ ಬಿಸಿ ಮಾಡಿ, ಸಣ್ಣ ಏರಿನಲ್ಲಿ ಒಂದನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ನಿಧಾನಕ್ಕೆ ಬಿಡುವುದು. ಆ ಬೈಕ್ ಐಡಲ್‌ನಲ್ಲೇ ತೆವಳಿಕೊಂಡು ಏರು ಹತ್ತಿದರೆ ಮುಂದಿನ ಮಾತು. ಮಾರುವವರು ಟಾಪ್ ಸ್ಪೀಡ್ ತೋರಿಸುತ್ತೇನೆ ಅಂದರೆ ಬೇಡ ಅನ್ನಿ.

ಇಳುಕಲಿನಲ್ಲಿ ಮಾತ್ರ ಇದೇ ಗುಣ ಉಲ್ಟಾ ಹೊಡೆಯಬಹುದು. ಫೋರ್‌ಸ್ಟ್ರೋಕ್‌ನ ಎಂಜಿನ್ ಬ್ರೇಕಿಂಗ್ ಜೋರು. ಒಣ ನೆಲದಲ್ಲಿ ಅದು ವರ, ಬ್ರೇಕ್ ಹೆಚ್ಚು ಮುಟ್ಟದೆ ಇಳಿಯಬಹುದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಅದೇ ಹಿಡಿತ ಹಿಂದಿನ ಚಕ್ರವನ್ನು ಜಾರಿಸಿಬಿಡುತ್ತದೆ. ಅಲ್ಲಿ ಕ್ಲಚ್ಚನ್ನು ಒಂದು ಬೆರಳಿನಲ್ಲಿ ಅರ್ಧ ಹಿಡಿದು, ಬ್ರೇಕನ್ನು ಮೆಲ್ಲಗೆ ಮುಟ್ಟುತ್ತಾ ಇಳಿಯಬೇಕು. ಇನ್ನೊಂದು ತಲೆನೋವು, ಕಾರ್ಬುರೇಟರ್ ಇರುವ ಬೈಕ್ ಬಿದ್ದರೆ ಪೆಟ್ರೋಲ್ ತುಂಬಿಕೊಂಡು ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ತೆರೆದು ಕಿಕ್ ಹೊಡೆಯಿರಿ. ಇಂಜೆಕ್ಷನ್ ಬೈಕುಗಳಲ್ಲಿ ಈ ಕಾಟ ಕಮ್ಮಿ. ಕೆಲವು ಮಾತ್ರ ಬಿದ್ದ ಕೂಡಲೇ ಎಂಜಿನ್ ಆಫ್ ಮಾಡಿಕೊಳ್ಳುತ್ತವೆ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ಹೊಸದೇ ಬೇಕು ಅನ್ನುವವರಿಗೆ ಎಕ್ಸ್‌ಪಲ್ಸ್ ಹೇಳುತ್ತೇನೆ. ಮುಂದೆ 21 ಇಂಚಿನ ಚಕ್ರ, ಹಿಂದೆ 18, ಎಂಜಿನ್ ಕೆಳಗೆ ರಕ್ಷಣೆ, ನೆಲದಿಂದ 220 ಮಿಲಿಮೀಟರ್ ಎತ್ತರ. ರ‍್ಯಾಲಿ ಕಿಟ್ ಮಾತ್ರ ನಮ್ಮ ಕೆಲಸಕ್ಕೆ ಬೇಡ, ಸೀಟು ಇನ್ನೂ ಎತ್ತರ ಆಗುತ್ತದೆ. ಅದು ವೇಗವಾಗಿ ಹಾರುವವರ ಸಾಮಾನು.

ದುಡ್ಡು ಖರ್ಚು ಮಾಡಬೇಕಾದ ಜಾಗ ಬೇರೆ ಇದೆ. ಮೊದಲು ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ರಸ್ತೆ ಬೈಕಿನ ಒಂದನೇ ಗೇರು ಟ್ರಯಲ್ಸ್‌ಗೆ ತೀರಾ ಜೋರು. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಮ್ಮಿ ಮಾಡಿದರೆ ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದಷ್ಟೇ ಪರಿಣಾಮ, ಖರ್ಚು ಸಣ್ಣದು. ಆಮೇಲೆ ಹ್ಯಾಂಡಲ್ ಸ್ವಲ್ಪ ಎತ್ತರ, ಕಾಲಿಡೋಕೆ ಹಲ್ಲಿರುವ ಅಗಲ ಫುಟ್‌ಪೆಗ್, ಎಂಜಿನ್ ಕೆಳಗೆ ಒಂದು ಗಟ್ಟಿ ಪ್ಲೇಟ್. ನೂರು ಸಿಸಿ ಬೈಕುಗಳಲ್ಲಿ ಸೈಲೆನ್ಸರ್ ಪೈಪು ಕೆಳಗಿಂದಲೇ ಹೋಗುವುದರಿಂದ ಮೊದಲ ಏಟು ಅದಕ್ಕೇ ಬೀಳುತ್ತದೆ. ಲೈಟು, ಮಡ್‌ಗಾರ್ಡ್ ಕಿತ್ತುಹಾಕಬೇಡಿ. ನೀವು ಅದೇ ಗಾಡಿಯಲ್ಲಿ ಸಂಜೆ ಪೇಟೆಗೆ ಹೋಗಬೇಕು.

ಟೈರಿನ ಗಾಳಿ ವಿಷಯದಲ್ಲಿ ಯೂಟ್ಯೂಬ್ ನೋಡಿ ಮೋಸ ಹೋಗುವವರೇ ಜಾಸ್ತಿ. ಅಸಲಿ ಟ್ರಯಲ್ಸ್ ಟೈರಿನಲ್ಲಿ ಹಿಂದೆ 4–5 ಪಿಎಸ್‌ಐ ಅಷ್ಟೇ ಇರುತ್ತದೆ, ಕಲ್ಲಿನ ಮೇಲೆ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಅದು ಮೆತ್ತಗಿನ ರಬ್ಬರಿನ, ಹಿಂದೆ ಟ್ಯೂಬ್ ಇಲ್ಲದ, ಅದಕ್ಕೆಂದೇ ಮಾಡಿದ ಟೈರು. ನಮ್ಮ ಟ್ಯೂಬ್ ಇರುವ ಟೈರಿಗೆ ಅಷ್ಟು ಇಳಿಸಿದರೆ ಟೈರು ರಿಮ್ಮಿನ ಮೇಲೆ ಸರಿದು ವಾಲ್ವ್ ಹರಿಯುತ್ತದೆ, ಇಲ್ಲವೇ ಕಲ್ಲಿಗೆ ಬಡಿದು ಟ್ಯೂಬ್ ಸೀಳುತ್ತದೆ. 12–15ರಲ್ಲಿ ಶುರು ಮಾಡಿ. ಅದಕ್ಕಿಂತ ಕೆಳಗೆ ಹೋಗಬೇಕಾದರೆ ಟೈರನ್ನು ರಿಮ್ಮಿಗೆ ಬಿಗಿದಿಡುವ ರಿಮ್ ಲಾಕ್ ಹಾಕಿಸಿ. ಒಂದು ಸೈಕಲ್ ಪಂಪ್ ಜೊತೆಗಿರಲಿ, ರಸ್ತೆಗೆ ಬರುವ ಮುಂಚೆ ಗಾಳಿ ತುಂಬಲೇಬೇಕು.

ಓಡಿಸುವ ವಿಷಯ ಬರೆದು ಕಲಿಸುವಂಥದ್ದಲ್ಲ, ಆದರೂ ಕೆಲವು. ಸೆಕ್ಷನ್ನನ್ನು ಮೊದಲು ನಡೆದು ನೋಡಿ. ಹತ್ತು ಮಾರು ಜಾಗಕ್ಕೆ ಹತ್ತು ನಿಮಿಷ ಕೊಟ್ಟರೂ ನಷ್ಟ ಇಲ್ಲ. ಯಾವ ಕಲ್ಲು ಅಲುಗಾಡುತ್ತದೆ, ಯಾವುದರ ಹಿಂದೆ ಗುಂಡಿ ಇದೆ, ಕಾಲಲ್ಲಿ ಒದ್ದು ನೋಡಿ. ಪೆಗ್ ಮೇಲೆ ನಿಂತೇ ಇರಿ, ಮಂಡಿ ಸ್ವಲ್ಪ ಬಗ್ಗಿರಲಿ. ಎಡಕ್ಕೆ ಹ್ಯಾಂಡಲ್ ಪೂರ್ತಿ ಮುರಿದು ತಿರುಗುವಾಗ ನಿಮ್ಮ ಭಾರ ಬಲಗಡೆಯ ಪೆಗ್ ಮೇಲಿರಬೇಕು, ಬೈಕ್ ಒಳಗೆ ವಾಲಲಿ, ನೀವು ಹೊರಗಿರಿ. ರಸ್ತೆಯಲ್ಲಿ ಕಲಿತ ಅಭ್ಯಾಸಕ್ಕೆ ಇದು ಪೂರ್ತಿ ವಿರುದ್ಧ. ಹಾಗಾಗಿ ಒಳ್ಳೆಯ ರಸ್ತೆ ಸವಾರರೇ ಇಲ್ಲಿ ಮೊದಲು ಬೀಳುತ್ತಾರೆ. ಬೇರು ಎದುರಾದರೆ ಮುಂದಿನ ಚಕ್ರ ತಾಗುವ ಹೊತ್ತಿಗೆ ಅದರ ಮೇಲಿನ ಭಾರ ತೆಗೆಯಿರಿ, ಅದು ದಾಟಿದ ಕೂಡಲೇ ಮೈ ಮುಂದಕ್ಕೆ ತಂದು ಹಿಂದಿನ ಚಕ್ರಕ್ಕೆ ದಾರಿ ಬಿಡಿ. ಬೇರಿನ ಮೇಲಿರುವಾಗ ಆಕ್ಸಿಲರೇಟರ್ ಕೊಡಬೇಡಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಅದು ಮುಂದೆ ಹೋಗಬೇಕಾದ ಜಾಗದ ಮೇಲೆ. ಗಮ್‌ಬೂಟು ಉಂಬಳಕ್ಕೆ ಸರಿ, ಇದಕ್ಕೆ ಸರಿಯಲ್ಲ. ಪೆಗ್ ಮೇಲೆ ಜಾರುತ್ತದೆ, ಹಿಮ್ಮಡಿಯ ಗಂಟಿಗೆ ರಕ್ಷಣೆಯೂ ಇಲ್ಲ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಾ?

ಇನ್ನು ಕೆಲವರಿಗೆ ಸಿಟ್ಟು ಬರುವ ಮಾತು. ಮಳೆ ಮುಗಿದ ಕೂಡಲೇ ಯಾಣ, ಉಂಚಳ್ಳಿ ಕಡೆ ಸಾಲು ಸಾಲಾಗಿ ಬಂದು, ಕಾಡಿನ ಕಾಲುದಾರಿಯಲ್ಲಿ ಮಣ್ಣು ಹಾರಿಸಿ, ಹೊಳೆಯ ನಡುವೆ ಬೈಕ್ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದನ್ನು ಆಫ್‌ರೋಡಿಂಗ್ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅಘನಾಶಿನಿಯ ನೀರನ್ನು ಕೆಳಗಿನವರು ಕುಡಿಯುತ್ತಾರೆ. ಟ್ರಯಲ್ಸ್‌ಗೆ ಕಾಡು ಬೇಡವೇ ಬೇಡ. ನಮ್ಮದೇ ಮಾಲ್ಕಿ ಜಾಗದ ಮೂಲೆ, ತೋಟದ ಪಕ್ಕದ ಧರೆ, ನಾಲ್ಕು ಚಿರೆಕಲ್ಲು, ಒಂದು ಬಿದ್ದ ಮರದ ದಿಮ್ಮಿ ಸಾಕು, ವರ್ಷಪೂರ್ತಿ ಕಲಿಯಬಹುದು. ಸೊಪ್ಪಿನ ಬೆಟ್ಟ ನಮಗೆ ತೋಟದ ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಬಿಟ್ಟಿರುವುದು, ಬೈಕಿಗಲ್ಲ. ಅಲ್ಲಿ ಶುರು ಮಾಡಿದರೆ ಊರಿನವರೂ ಬೈಯುತ್ತಾರೆ, ಬೈಯಲೂ ಬೇಕು.

ಕಾರವಾರ, ಅಂಕೋಲಾ, ಹೊನ್ನಾವರ ಕಡೆಯ ಗೆಳೆಯರು ಬೀಚಿನಲ್ಲಿ ಅಭ್ಯಾಸ ಮಾಡಬಹುದಾ ಅಂತ ಕೇಳುತ್ತಾರೆ. ಬೇಡ. ಮರಳಿನಲ್ಲಿ ವೇಗ ಬೇಕು, ಟ್ರಯಲ್ಸ್‌ನಲ್ಲಿ ವೇಗ ಬೇಡ. ಅಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದೂ ಅಲ್ಲದೆ ಅದು ಕಡಲಾಮೆ ಮೊಟ್ಟೆ ಇಡುವ ಮರಳು. ಕರಾವಳಿಯಲ್ಲಿ ಚಿರೆಕಲ್ಲಿನ ಪಾರೆಗೇನೂ ಬರವಿಲ್ಲ, ಜಾಗದವರನ್ನು ಕೇಳಿ ಅಲ್ಲಿ ಮಾಡಿ. ಸೆಕೆಂಡ್‌ಹ್ಯಾಂಡ್ ಇಂಪಲ್ಸ್ ಹುಡುಕುತ್ತಿದ್ದರೆ ಎಂಜಿನ್ ಬಗ್ಗೆ ಹೆಚ್ಚು ಹೆದರಬೇಡಿ. ಅದು ಸಿಬಿಝಡ್ ಎಕ್ಸ್‌ಟ್ರೀಮ್, ಹಂಕ್ ಕುಟುಂಬದ್ದೇ 149 ಸಿಸಿ ಎಂಜಿನ್, ಬಿಡಿಭಾಗ ಸಿಗುತ್ತವೆ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರುತ್ತಿದೆಯಾ, ಪ್ಲಾಸ್ಟಿಕ್ ಭಾಗಗಳು ಪೂರ್ತಿ ಇವೆಯಾ ನೋಡಿ, ಅವು ಸಿಗುವುದು ಕಷ್ಟ. ಸಮುದ್ರದ ಪಕ್ಕದಲ್ಲೇ ಇದ್ದ ಗಾಡಿಯಾದರೆ ಕ್ಲಚ್ ಕೇಬಲ್ ಮತ್ತು ಕಡ್ಡಿಗಳ ಬುಡದ ತುಕ್ಕು ನೋಡದೆ ಅಡ್ವಾನ್ಸ್ ಕೊಡಬೇಡಿ.