ವಾಚ್ ನಿಂತಿದೆ, ಬ್ರಾಂಡ್ ಓಡುತ್ತಿದೆ

ದೊಡ್ಡ ಬ್ರಾಂಡಿನ ಮೆಕ್ಯಾನಿಕಲ್ ವಾಚು ಯಾವತ್ತೂ ಕೆಡುವುದಿಲ್ಲ. ನಿಧಾನವಾದರೆ "ಇನ್ನೂ ಸೆಟ್ ಆಗ್ತಿದೆ" ಅನ್ನುತ್ತಾರೆ. ಮುಂದೋಡಿದರೆ ಅದಕ್ಕೊಂದು ವ್ಯಕ್ತಿತ್ವ ಇದೆಯಂತೆ. ಪೂರ್ತಿ ನಿಂತೇ ಹೋದರೆ ತಪ್ಪು ನಿಮ್ಮದು, ಕೈ ಆಡಿದರೆ ತಾನೇ ಕೀ ತುಂಬಿಕೊಳ್ಳುವ ವಾಚಿಗೆ ನೀವು ಕೈ ಆಡಿಸಿದ್ದು ಸಾಲಲಿಲ್ಲ. ಇದನ್ನೇ ಹೆಸರಿಲ್ಲದ ಕಂಪನಿಯ ವಾಚು ಮಾಡಿದರೆ ಒಂದೇ ಮಾತು: ಡಬ್ಬಾ.

ಹೊಸ ತಂತ್ರಜ್ಞಾನ ಬಂದಾಗಲಂತೂ ಈ ಭಕ್ತಿ ಉಕ್ಕಿ ಹರಿಯುತ್ತದೆ. ವಾಚಿನ ಸ್ಪ್ರಿಂಗಿನ ಬಲವನ್ನು ಟಿಕ್ ಟಿಕ್ ಅಂತ ಹದವಾಗಿ ಬಿಡುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ಇಂಗ್ಲಿಷ್ ವಾಚು ತಯಾರಕ ಜಾರ್ಜ್ ಡೇನಿಯಲ್ಸ್ 1970ರ ದಶಕದಲ್ಲೇ ಕೋ-ಆಕ್ಸಿಯಲ್ ಎಂಬ ಹೊಸ ಬಗೆಯ ಎಸ್ಕೇಪ್‌ಮೆಂಟ್ ಮಾಡಿಟ್ಟಿದ್ದರು. ತಿಕ್ಕಾಟ ಕಡಿಮೆ, ಎಣ್ಣೆಯ ಹಂಗೂ ಕಡಿಮೆ. ಸ್ವಿಸ್ ಕಂಪನಿಗಳು ವರ್ಷಗಟ್ಟಲೆ ಮೂಗು ಮುರಿದವು. 1999ರಲ್ಲಿ ಒಮೇಗಾ ಅದನ್ನು ಮಾರುಕಟ್ಟೆಗೆ ತಂದದ್ದೇ ತಡ, ಅದು ಕ್ರಾಂತಿಯಾಯಿತು. ಆಮೇಲೆ ಅದೇ ಯಂತ್ರ ಎ, ಬಿ, ಸಿ, ಡಿ ಅಂತ ತಿದ್ದಿದ ಆವೃತ್ತಿಗಳಲ್ಲಿ ಅಕ್ಷರಾಭ್ಯಾಸ ಮಾಡಿತು. ಗಂಟೆಗೆ 28,800 ಇದ್ದ ಬಡಿತ 25,200ಕ್ಕೆ ಇಳಿಯಿತು. ಹಾಗಾದರೆ ಮೊದಲು ಕೊಂಡವರು ಪ್ರಯೋಗಪಶುಗಳಾ? ಛೇ ಛೇ, ಇತಿಹಾಸದ ಪಾಲುದಾರರು!

ಸಿಲಿಕಾನ್ ವಿಷಯಕ್ಕೆ ಬನ್ನಿ. 2001ರಲ್ಲಿ ಯುಲಿಸ್ ನಾರ್ಡಿನ್ ಕಂಪನಿ ತನ್ನ 'ಫ್ರೀಕ್' ವಾಚಿನ ಎಸ್ಕೇಪ್‌ಮೆಂಟಿನಲ್ಲಿ ಅದನ್ನು ಬಳಸಿತು, ಮುಂದೆ ಬಡಿತದ ಲಯ ಕಾಯುವ ಕೂದಲೆಳೆಯಂಥ ಸ್ಪ್ರಿಂಗಿಗೂ, ಅಂದರೆ ಹೇರ್‌ಸ್ಪ್ರಿಂಗಿಗೂ, ಬಂತು. ತುಕ್ಕಿಲ್ಲ, ಅಯಸ್ಕಾಂತದ ಭಯವಿಲ್ಲ. ನಿಜಕ್ಕೂ ಒಳ್ಳೆಯ ಸರಕು, ಅದರಲ್ಲಿ ಅನುಮಾನ ಬೇಡ. ಆದರೆ ಲೋಹದ ಹೇರ್‌ಸ್ಪ್ರಿಂಗ್ ಸೊಟ್ಟಗಾದರೆ ಕೈಪಳಗಿದ ರಿಪೇರಿಯವರು ಚಿಮಟದಲ್ಲೇ ನೆಟ್ಟಗೆ ಮಾಡಬಲ್ಲರು. ಸಿಲಿಕಾನ್ ಮುರಿದರೆ ಮುಗೀತು, ಹೊಸದನ್ನು ಕಂಪನಿಯೇ ಕೊಡಬೇಕು. ಇಂಥ ವಾಚನ್ನು ಮೊಮ್ಮಕ್ಕಳಿಗೆ ದಾಟಿಸಿ ಅಂತ ಜಾಹೀರಾತು. ವಾರಂಟಿ? ದೊಡ್ಡವರದ್ದೂ ಸಾಮಾನ್ಯವಾಗಿ 5 ವರ್ಷ. ಮೊಮ್ಮಕ್ಕಳು ಸ್ವಲ್ಪ ಬೇಗ ಹುಟ್ಟಬೇಕು, ಅಷ್ಟೇ.

ಸರ್ಟಿಫಿಕೇಟ್ ಇದೆಯಲ್ಲ ಅನ್ನಬಹುದು. ಇದೆ. ಸ್ವಿಸ್ ಸಂಸ್ಥೆ ಸಿಒಎಸ್‌ಸಿ 15 ದಿನ ಪರೀಕ್ಷೆ ಮಾಡುತ್ತದೆ. ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಅಷ್ಟರೊಳಗಿದ್ದರೆ ಪಾಸ್. 1969ರ ಸೀಕೊ ಆಸ್ಟ್ರಾನ್, ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ, ತಿಂಗಳಿಗೆ 5 ಸೆಕೆಂಡು ಆಚೀಚೆ ಎಂದಿತ್ತು. ಅದನ್ನು ಈಗ ಎತ್ತಬಾರದು. ಬ್ಯಾಟರಿ ಹಾಕಿ ಸರಿಯಾದ ಟೈಮ್ ತೋರಿಸುವುದು ಅಭಿರುಚಿ ಇಲ್ಲದವರ ಕೆಲಸ.

2025ರಲ್ಲಿ ರೋಲೆಕ್ಸ್ 'ಡೈನಾಪಲ್ಸ್' ಎಂಬ ಹೊಸ ಎಸ್ಕೇಪ್‌ಮೆಂಟ್ ತಂದಿತು. ಸಿಲಿಕಾನ್ ಭಾಗಗಳು, ಗಂಟೆಗೆ 36,000 ಬಡಿತ. ತೋರಿಸಿದ ದಿನವೇ ಅಭಿಮಾನಿಗಳ ತೀರ್ಪು ಬಂತು: ತಲೆಮಾರುಗಟ್ಟಲೆ ಬಾಳುತ್ತೆ! ಗಿರಾಕಿಗಳಿನ್ನೂ ವೇಟಿಂಗ್ ಲಿಸ್ಟ್‌ನಲ್ಲಿದ್ದರು. ಅವರ ಪೈಕಿ ಒಬ್ಬರಿಂದಲೂ ದೂರು ಬಂದಿರಲಿಲ್ಲ.