ಹೊಟ್ಟೆ ಖಾಲಿ ಬಿಡಬೇಡಿ

ಭೇದಿ ನಿಲ್ಲುವವರೆಗೆ ಮಗುವಿಗೆ ಊಟ ಬೇಡ, ಶುಂಠಿ ರಸಕ್ಕೆ ಜೇನು ಬೆರೆಸಿ ಕೊಡಿ ಅಂತ ನಿಮ್ಮ ಬರಹದಲ್ಲಿ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮೊದಲೇ ಸೊರಗಿದ ಮಗುವನ್ನು ಉಪವಾಸ ಕೆಡವಿದರೆ ಇನ್ನೂ ಸೋತುಹೋಗುತ್ತದೆ. ಎದೆಹಾಲು, ಮೆತ್ತಗಿನ ಗಂಜಿ, ಮಜ್ಜಿಗೆ ಅನ್ನ ಕೊಡುತ್ತಲೇ ಇರಬೇಕು. ನಮ್ಮ ಕೊಡಗಿನ ಜೇನು ಎಷ್ಟೇ ಒಳ್ಳೆಯದಿರಲಿ, ವರ್ಷ ತುಂಬದ ಕೂಸಿಗೆ ಬೇಡವೇ ಬೇಡ. ಸಕ್ಕರೆ ಹಾಕಿದ ಕಿತ್ತಳೆ ಜ್ಯೂಸ್‌ನಿಂದಲೂ ಭೇದಿ ಜಾಸ್ತಿಯಾಗುತ್ತದೆ.

ಭೇದಿಯಲ್ಲಿ ಕಳೆದುಹೋದ ನೀರು, ಉಪ್ಪನ್ನು ತುಂಬಿಕೊಡುವ ಪುಡಿ, ಮುಖ್ಯವಾದ ಓಆರ್‌ಎಸ್ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ! ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಚಮಚದಲ್ಲಿ ಕುಡಿಸಬೇಕು. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಮಳೆಗಾಲದಲ್ಲಂತೂ ತೋಟದ ಮನೆಯಿಂದ ಆಸ್ಪತ್ರೆ ಮುಟ್ಟುವುದೇ ತಡ, ಅಲ್ವಾ?