ಒಣಗದ ಆಕಾಶ

ಅನ್ನಕ್ಕಿಟ್ಟು, ಸಾರು ಕುದಿಸಿ, ಉಂಡು, ಪಾತ್ರೆ ತೊಳೆದು ಬಂದು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿದರೆ ಆಕಾಶ ಇನ್ನೂ ತಣ್ಣಗಿತ್ತು. ಜಲವರ್ಣದಲ್ಲಿ ತಣ್ಣಗಿರುವುದೆಂದರೆ ಒಣಗಿಲ್ಲವೆಂದು ಅರ್ಥ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುತ್ತಿದ್ದ ನಾನು ಸಂಜೆಯ ಚಿತ್ರಕಲೆ ತರಗತಿಗೂ ಸೇರಿಕೊಂಡಿದ್ದೆ. ಅಲ್ಲಿನ ಮೇಡಂ ಪ್ರತಿ ಲೇಪಕ್ಕೂ ‘ಒಣಗಲಿ, ಜಲವರ್ಣ ತಾಳ್ಮೆ ಕಲಿಸುತ್ತದೆ’ ಎನ್ನುತ್ತಿದ್ದರು. ಈ ಮಾತಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ರಾಯಚೂರಿನ ಏಪ್ರಿಲ್‌ನಲ್ಲಿ ಕುಂಚ ಹಾಳೆಯ ಬಲ ಅಂಚನ್ನು ಮುಟ್ಟುವಷ್ಟರಲ್ಲಿ ಎಡ ಅಂಚು ಒಣಗಿರುತ್ತದೆ. ಅಲ್ಲಿ ಯಾರೂ ನನ್ನನ್ನು ತಾಳ್ಮೆಗೇಡಿ ಎಂದಿರಲಿಲ್ಲ. ಎಡಿನ್‌ಬರೋದಲ್ಲಿ ಹೀಟರಿನ ಖರ್ಚಿಗೆ ಹೆದರಿ ಸ್ವೆಟರ್ ತೊಟ್ಟು ಕೂರುವ ಕೋಣೆಯಲ್ಲಿ, ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿ ಕಾಗದ ನೀರು ಕುಡಿದು ಎಮ್ಮೆಯಂತೆ ಸುಮ್ಮನೆ ಮಲಗಿರುತ್ತಿತ್ತು.

ಆದ್ದರಿಂದ ಅಡುಗೆಮನೆ ಹಂಚಿಕೊಂಡಿದ್ದ ಪೋಲೆಂಡಿನ ಹುಡುಗಿಯ ಹೇರ್ ಡ್ರೈಯರನ್ನು ದಿನವೂ ಕೇಳತೊಡಗಿದೆ. ಕಾರಣ ಹೇಳಲು ಸಂಕೋಚ. ಚಿತ್ರ ತೋರಿಸು ಎಂದರೆ ತೋರಿಸಲು ಏನಿತ್ತು? ನನ್ನ ನೆತ್ತಿಯ ಮೇಲೆ ಉಳಿದಿದ್ದ ಕೂದಲು ಒಣಗಲು ಒಂದು ನಿಟ್ಟುಸಿರು ಸಾಕಾಗಿತ್ತು. ಅವಳು ಹಲವು ದಿನ ಯೋಚಿಸಿರಬೇಕು; ಒಮ್ಮೆ ಬಹಳ ಸೌಜನ್ಯದಿಂದ, ತನ್ನ ತಂದೆಗೂ ಹೀಗೆಯೇ ಆಗಿತ್ತು, ಬೇಸರಪಡಬೇಡ ಎಂದಳು. ಆ ಅನುಕಂಪದ ಭಾರದಲ್ಲಿ ಡ್ರೈಯರನ್ನು ಹಾಳೆಗೆ ತೀರಾ ಹತ್ತಿರ ಹಿಡಿದೆನೋ ಏನೋ, ಆಕಾಶದ ನೀಲಿ ನೀರು ಅರೆ ಒಣಗಿದ್ದ ಆರ್ಥರ್ಸ್ ಸೀಟ್ ಗುಡ್ಡದ ಮೇಲೆ ನುಗ್ಗಿ, ಚಿತ್ರಕಾರರು ಹೂಕೋಸು ಎಂದು ಕರೆಯುವ ಅಂಚು ಮುರಿದ ಕಲೆಯೊಂದನ್ನು ಬಿಟ್ಟುಹೋಯಿತು. ವಿಡಿಯೋ ಕರೆಯಲ್ಲಿ ನೋಡಿದ ಅವ್ವ, “ಗುಡ್ಡದ ಮ್ಯಾಲಿನ ಗಿಡ ಭಾಳ ಛಲೋ ಬಂದದ” ಎಂದಳು. ಆ 251 ಮೀಟರ್ ಎತ್ತರದ ಗುಡ್ಡದ ತುದಿ ಬರೀ ಕಲ್ಲು, ಹುಲ್ಲು. ನಾನು ಗಿಡವನ್ನು ಒಪ್ಪಿಕೊಂಡೆ.

ಜನವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಚಿತ್ರಶಾಲೆಗೆ ಹೋದೆ. ಹೆನ್ರಿ ವಾನ್ ಎಂಬ ಸಂಗ್ರಾಹಕ ಉಯಿಲಿನಲ್ಲಿ ಬಿಟ್ಟುಹೋದ, ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಟರ್ನರ್‌ನ 38 ಜಲವರ್ಣಗಳು 1900ರಲ್ಲಿ ಅದರ ಕೈ ಸೇರಿದವು. ಬೆಳಕಿಗೆ ಬಣ್ಣ ಮಾಸಬಾರದೆಂದು, ಅವನ್ನು ಜನವರಿಯಲ್ಲಿ ಮಾತ್ರ, ಅದೂ ಉಚಿತವಾಗಿ ತೋರಿಸಬೇಕೆಂಬುದು ಅವನ ಷರತ್ತು. ಆ ಊರಿನ ಜನವರಿಯ ಬೆಳಕು ಯಾವ ಬಣ್ಣಕ್ಕೂ ಕೇಡು ಮಾಡಲಾರದೆಂಬುದಕ್ಕೆ ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿ ದೀಪ ಹಚ್ಚಿಕೊಂಡು ಕುಳಿತ ಯಾರಾದರೂ ಸಾಕ್ಷಿ ಹೇಳುತ್ತಾರೆ. ಜನರೆಲ್ಲ ಚಿತ್ರಗಳ ಕಾಂತಿಯ ಬಗ್ಗೆ ಪಿಸುಗುಡುತ್ತಿದ್ದಾಗ ನಾನು ಒಂದೊಂದರಲ್ಲೂ ಹೂಕೋಸು ಹುಡುಕಿದೆ. ಸಿಗಲಿಲ್ಲ; ಅಥವಾ ಸಿಕ್ಕದ್ದನ್ನೆಲ್ಲ ನಾನೂ ಮೋಡವೆಂದೇ ನಂಬಿದೆ.

ಟರ್ನರ್ ಮಹಾಶಯರು ಅಗಸರ ಮನೆಯಂತೆ ಕೋಣೆಯಲ್ಲಿ ಹಗ್ಗ ಕಟ್ಟಿ, ಬಣ್ಣ ಬಳಿದ ಹಾಳೆಗಳನ್ನು ಒಣಹಾಕುತ್ತಿದ್ದರಂತೆ. ಅದನ್ನು ಓದಿದ ಸಂಜೆಯೇ ಡ್ರೈಯರನ್ನು ಮರಳಿಸಿ, ಕಿಟಕಿಯಿಂದ ಕಪಾಟಿನವರೆಗೆ ಹಗ್ಗ ಕಟ್ಟಿದೆ. ವಾರ ಕಳೆಯುವುದರೊಳಗೆ ಅದರ ತುಂಬ ಕಾಲುಚೀಲಗಳು ತೂಗುತ್ತಿದ್ದವು, ಅವೂ ಒಣಗಿರಲಿಲ್ಲ.